ಡೈನೋಸಾರ್ ಕುಣಿಸಿದ ಬೋರ್ಡ್ ಪೇಂಟರ್: ಬಟ್ಟೆ ವ್ಯಾಪಾರಿಯ ಗ್ಯಾರೇಜ್‌ನಲ್ಲಿ ಉಳಿದುಕೊಂಡ ವಿನ್ಸರ್ ಮೆಕೇ ಕತೆ

ಸಂಜೆ ಗಿರಾಕಿಗಳ ಗಲಾಟೆ ಹೊತ್ತಲ್ಲಿ ಅಂಗಡಿ ಗಲ್ಲಾ ಪಕ್ಕ ಕೂತ ಮಗುವಿಗೆ ಮೊಬೈಲ್‌ನಲ್ಲಿ ಕಾರ್ಟೂನ್ ಹಾಕಿ ಕೊಡೋದು ನಮ್ಮ ಪೇಟೆ ಬೀದಿಯಲ್ಲಿ ದಿನಾ ಕಾಣೋ ದೃಶ್ಯ. ಮಗು ನಗುತ್ತೆ, ವ್ಯಾಪಾರ ನಡೆಯುತ್ತೆ. ಹೀಗೆ ಬರೆದ ಚಿತ್ರಕ್ಕೆ ಜೀವ ಬಂದು ಅಳೋದು, ನಗೋದು, ಮುನಿಸಿಕೊಳ್ಳೋದನ್ನು ಜಗತ್ತಿಗೆ ಮೊದಮೊದಲು ತೋರಿಸಿದವರಲ್ಲಿ ಮುಖ್ಯನಾದವನು ಅಮೆರಿಕದ ವಿನ್ಸರ್ ಮೆಕೇ. ವಾಲ್ಟ್ ಡಿಸ್ನಿ ಹೆಸರು ಎಲ್ಲರಿಗೂ ಗೊತ್ತು. ಡಿಸ್ನಿ ಇನ್ನೂ ಶಾಲೆ ಹುಡುಗನಾಗಿದ್ದಾಗಲೇ ಮೆಕೇ ಕೈಬರಹದ ಡೈನೋಸಾರ್ ಒಂದನ್ನು ಪರದೆ ಮೇಲೆ ಕುಣಿಸಿ ಜನರ ಬಾಯಿ ಮೇಲೆ ಬೆರಳಿಡಿಸಿದ್ದ.

ಆದರೆ ಆತ ಸತ್ತ ಮೇಲೆ ಆ ಚಿತ್ರಗಳ ಪಾಡು ಏನಾಯ್ತು ಅನ್ನೋದೇ ಇನ್ನೊಂದು ಕತೆ. ಒಂದಷ್ಟು ಬೆಂಕಿಗೆ ಹೋಯಿತು, ಒಂದಷ್ಟು ಕತ್ತರಿಗೆ ಸಿಕ್ಕಿತು. ಸಿನಿಮಾ ರೀಲುಗಳು ಡಬ್ಬಿಯೊಳಗೇ ಕೊಳೆತವು. ಉಳಿದದ್ದು ಉಳಿದಿದ್ದು ಒಬ್ಬ ಬಟ್ಟೆ ವ್ಯಾಪಾರಿಯ ದೆಸೆಯಿಂದ. ಜುಲೈ 26 ಮೆಕೇ ತೀರಿಕೊಂಡ ದಿನ. ಆ ನೆಪದಲ್ಲಿ ಈ ಬರಹ.

ಹತ್ತು ಸೆಂಟ್ ಟಿಕೆಟ್‌ನ ಬಾಗಿಲಲ್ಲಿ

ಮೆಕೇ ಹುಟ್ಟಿದ ವರ್ಷದ ಬಗ್ಗೆಯೇ ಜಗಳ ಇದೆ. 1867ರಿಂದ 1871ರವರೆಗೆ ಒಬ್ಬೊಬ್ಬರದು ಒಂದೊಂದು ಲೆಕ್ಕ. ಹುಟ್ಟಿದ್ದು ಕೆನಡಾದಲ್ಲಿ ಅಂತ ಕೆಲವರು, ಅಮೆರಿಕದ ಮಿಷಿಗನ್ ರಾಜ್ಯದಲ್ಲಿ ಅಂತ ಕೆಲವರು. ಬೆಳೆದದ್ದು ಮಾತ್ರ ಮಿಷಿಗನ್‌ನ ಸ್ಪ್ರಿಂಗ್ ಲೇಕ್ ಎಂಬ ಸಣ್ಣ ಊರಲ್ಲಿ. ಪೂರ್ತಿ ಹೆಸರು ಜೀನಸ್ ವಿನ್ಸರ್ ಮೆಕೇ. ಅಪ್ಪನಿಗೆ ಕೆಲಸ ಕೊಟ್ಟಿದ್ದ ಸಾಹುಕಾರನ ಹೆಸರನ್ನೇ ಮಗನಿಗೆ ಇಟ್ಟಿದ್ದರು.

ಹುಡುಗ ಸಿಕ್ಕಸಿಕ್ಕಲ್ಲೆಲ್ಲ ಚಿತ್ರ ಗೀಚುತ್ತಿದ್ದ. 13ನೇ ವಯಸ್ಸಲ್ಲಿ ಶಾಲೆಯ ಕಪ್ಪು ಹಲಗೆ ಮೇಲೆ ಮುಳುಗುತ್ತಿರೋ ಹಡಗನ್ನು ಬರೆದ. ಅದನ್ನು ಫೋಟೋ ತೆಗೆದು ಪ್ರತಿ ಮಾಡಿ ಮಾರಿದರಂತೆ. ಆದರೆ ಅಪ್ಪನಿಗೆ ಮಗ ಲೆಕ್ಕಪತ್ರ ಕಲಿತು ವ್ಯವಹಾರಸ್ಥ ಆಗಲಿ ಅನ್ನೋ ಆಸೆ. ಬೇರೆ ಊರಿನ ಬಿಸಿನೆಸ್ ಕಾಲೇಜಿಗೆ ಸೇರಿಸಿದ. ಮಗ ಕ್ಲಾಸಿಗೆ ಚಕ್ಕರ್ ಹೊಡೆದು ಡೆಟ್ರಾಯ್ಟ್ ನಗರಕ್ಕೆ ರೈಲು ಹತ್ತಿ ಹೋಗುತ್ತಿದ್ದ. ಡಿಗ್ರಿ ಅರ್ಧಕ್ಕೇ ಬಿಟ್ಟ ನನಗೆ ಈ ಭಾಗ ಓದುವಾಗ ಸ್ವಲ್ಪ ಸಮಾಧಾನ ಆಗಿದ್ದು ಸುಳ್ಳಲ್ಲ.

ಡೆಟ್ರಾಯ್ಟ್‌ನಲ್ಲಿ 'ಡೈಮ್ ಮ್ಯೂಸಿಯಂ' ಇತ್ತು. ಡೈಮ್ ಅಂದರೆ ಹತ್ತು ಸೆಂಟ್. ಹತ್ತು ಸೆಂಟ್ ಕೊಟ್ಟು ಒಳಗೆ ಹೋದರೆ ಜಾದೂ, ವಿಚಿತ್ರ ಪ್ರಾಣಿ, ದೈತ್ಯ ಮನುಷ್ಯ, ಹಾಡು, ಕುಣಿತ ಎಲ್ಲ ಸಿಗೋದು. ನಮ್ಮ ಜಾತ್ರೆಯಲ್ಲಿ ಟೆಂಟ್ ಹಾಕುತ್ತಾರಲ್ಲ, ಅದನ್ನೇ ಕಟ್ಟಡದೊಳಗೆ ವರ್ಷಪೂರ್ತಿ ನಡೆಸಿದ ಹಾಗೆ ಅಂದುಕೊಳ್ಳಿ. ಅಲ್ಲಿ ಮೆಕೇ ಬಂದವರ ಮುಖ ಬರೆದು 25 ಸೆಂಟ್‌ಗೆ ಮಾರುತ್ತಿದ್ದ. ಜನ ಸುತ್ತ ನಿಂತು ನೋಡೋದು, ಆತನಿಗೆ ಇನ್ನೂ ಉಮೇದು ಬರೋದು. ಇದೊಂದು ಚಟ ಸಾಯೋವರೆಗೂ ಬಿಡಲಿಲ್ಲ.

ಆ ದಿನಗಳಲ್ಲೇ ಜಾನ್ ಗುಡಿಸನ್ ಎಂಬ ಮೇಷ್ಟ್ರು ಹುಡುಗನ ಕೈ ನೋಡಿ ಪ್ರತ್ಯೇಕವಾಗಿ ಪಾಠ ಹೇಳಿಕೊಟ್ಟರು. ದೂರದ ವಸ್ತು ಹೇಗೆ ಸಣ್ಣದಾಗುತ್ತೆ, ರಸ್ತೆಯ ಎರಡು ಅಂಚು ಹೇಗೆ ಕೊನೆಗೆ ಒಂದು ಬಿಂದುವಿಗೆ ಸೇರುತ್ತೆ ಅನ್ನೋ ಪಾಠ ಅದು. ಮೆಕೇ ಕಲೆಯನ್ನು ಕಲಿತದ್ದು ಅಂತ ಏನಾದರೂ ಇದ್ದರೆ ಅಷ್ಟೇ.

1889ರಲ್ಲಿ ಚಿಕಾಗೋಗೆ ಹೋಗಿ ಸರ್ಕಸ್ ಪೋಸ್ಟರ್ ಅಚ್ಚು ಮಾಡೋ ಪ್ರೆಸ್ಸಿನಲ್ಲಿ ದುಡಿದ. 1891ಕ್ಕೆ ಸಿನ್ಸಿನಾಟಿ ನಗರಕ್ಕೆ ಬಂದು ಮತ್ತೊಂದು ಡೈಮ್ ಮ್ಯೂಸಿಯಂನಲ್ಲಿ ಬೋರ್ಡು, ಪೋಸ್ಟರ್ ಬರೆಯೋ ಕೆಲಸಕ್ಕೆ ಸೇರಿದ. ನಮ್ಮಲ್ಲಿ ಹಿಂದೆ ಟಾಕೀಸ್ ಬ್ಯಾನರ್ ಬರೆಯುತ್ತಿದ್ದ ಪೇಂಟರ್‌ಗಳಿದ್ದರಲ್ಲ, ಅದೇ ಕಸುಬು. ಆತ ಬೀದಿಯಲ್ಲಿ ನಿಂತು ಬೋರ್ಡ್ ಬರೆಯುತ್ತಿದ್ದರೆ ಜನ ಗುಂಪುಗೂಡುತ್ತಿದ್ದರಂತೆ. ಅಳತೆ ಇಲ್ಲ, ಪೆನ್ಸಿಲ್ ಗುರುತಿಲ್ಲ, ನೇರ ಕುಂಚದಲ್ಲೇ ಗೆರೆ. ಅಲ್ಲೇ ಮಾಡ್ ಡುಫೂರ್ ಎಂಬಾಕೆಯನ್ನು ಮನೆಯವರಿಗೆ ತಿಳಿಸದೆ ಕರೆದುಕೊಂಡು ಹೋಗಿ ಮದುವೆಯಾದ. ಒಬ್ಬ ಮಗ ರಾಬರ್ಟ್, ಒಬ್ಬಳು ಮಗಳು ಮರಿಯನ್.

ಮಂಚದಿಂದ ಬೀಳೋ ಹುಡುಗ

ಪೋಸ್ಟರ್‌ನಿಂದ ಪತ್ರಿಕೆಗೆ, ಪತ್ರಿಕೆಯಿಂದ ದೊಡ್ಡ ಪತ್ರಿಕೆಗೆ. 1903ರಲ್ಲಿ ನ್ಯೂಯಾರ್ಕ್ ಹೆರಾಲ್ಡ್‌ನಿಂದ ಕರೆ ಬಂತು. ಅಲ್ಲಿ ಆತ ಬರೆದ ಒಂದು ಸರಣಿಯಲ್ಲಿ ಪ್ರತಿ ಸಲ ಯಾರೋ ಒಬ್ಬರು ರಾತ್ರಿ ಬ್ರೆಡ್ ಮೇಲೆ ಕಾಯಿಸಿದ ಚೀಸ್ ಹಾಕಿಕೊಂಡು ತಿಂದು ಮಲಗುತ್ತಾರೆ, ಭಯಂಕರ ಕನಸು ಬೀಳುತ್ತೆ, ಕೊನೇ ಚೌಕದಲ್ಲಿ ಎದ್ದು ಕೂತು ಇನ್ನು ಮೇಲೆ ಅದನ್ನು ಮುಟ್ಟಲ್ಲ ಅಂತ ಗೋಳಾಡುತ್ತಾರೆ. ರಾತ್ರಿ ಹತ್ತಕ್ಕೆ ಮಿರ್ಚಿ ಬಜ್ಜಿ ತಿಂದು ಮಲಗಿದವರಿಗೆ ಇದು ಬಿಡಿಸಿ ಹೇಳಬೇಕಿಲ್ಲ.

ಆದರೆ ಹೆಸರು ತಂದದ್ದು 1905ರ ಅಕ್ಟೋಬರ್ 15ರಂದು ಶುರುವಾದ 'ಲಿಟ್ಲ್ ನೀಮೋ ಇನ್ ಸ್ಲಂಬರ್‌ಲ್ಯಾಂಡ್'. ಭಾನುವಾರದ ಪತ್ರಿಕೆಯ ಇಡೀ ಒಂದು ಪುಟ, ಬಣ್ಣದಲ್ಲಿ. ನೀಮೋ ಅನ್ನೋ ಪುಟ್ಟ ಹುಡುಗನನ್ನು ನಿದ್ರಾಲೋಕದ ರಾಜ ತನ್ನ ಮಗಳ ಜೊತೆ ಆಡೋಕೆ ಕರೆಸಿಕೊಳ್ಳಬೇಕು. ಆದರೆ ಅರಮನೆ ತಲುಪೋದ್ರೊಳಗೆ ಏನೋ ಆಗಿ ಹುಡುಗ ಮಂಚದಿಂದ ಬಿದ್ದು ಎಚ್ಚರಗೊಳ್ಳುತ್ತಾನೆ. ವಾರಗಟ್ಟಲೆ ಇದೇ. ಓದುಗರಿಗೆ ಕೊನೆ ಗೊತ್ತು, ಆದರೂ ಕಾಯೋರು. 1908ರ ಒಂದು ಪುಟದಲ್ಲಿ ಮಂಚದ ಕಾಲುಗಳು ಉದ್ದಕ್ಕೆ ಬೆಳೆದು, ಮಂಚವೇ ಊರಿನ ಕಟ್ಟಡಗಳ ಮೇಲೆ ಕಾಲು ಹಾಕಿಕೊಂಡು ನಡೆಯುತ್ತೆ. ಮಂಚ ಎತ್ತರ ಆದಂತೆ ಪುಟದ ಚೌಕಗಳೂ ಉದ್ದ ಆಗುತ್ತವೆ. ಇವತ್ತಿಗೂ ಕಾರ್ಟೂನ್ ಕಲಿಯೋರಿಗೆ ಆ ಪುಟವನ್ನು ತೋರಿಸುತ್ತಾರೆ.

ಒಂದು ಮಾತು ಹೇಳಲೇಬೇಕು. ಆ ಪುಟಗಳಲ್ಲಿ ಬರೋ ಇಂಪ್ ಎಂಬ ಆಫ್ರಿಕಾದ ಪಾತ್ರವನ್ನು ದಪ್ಪ ತುಟಿ, ಹುಲ್ಲಿನ ಬಟ್ಟೆ ಹಾಕಿ ಗೇಲಿ ಮಾಡುವಂತೆ ಬರೆದಿದ್ದಾನೆ. ಆ ಕಾಲದ ಬಿಳಿಯರ ಪತ್ರಿಕೆಗಳಲ್ಲಿ ಅದು ಮಾಮೂಲಿ ಇತ್ತು. ಮಾಮೂಲಿ ಇತ್ತು ಅಂದ ಮಾತ್ರಕ್ಕೆ ಈಗ ನೋಡಿದಾಗ ಚುಚ್ಚೋದು ಕಮ್ಮಿಯಾಗಲ್ಲ.

ಹಣ ಬಂತು, ಹೆಸರು ಬಂತು. 1906ರಿಂದ ರಂಗಮಂದಿರದಲ್ಲಿ ಕಪ್ಪು ಹಲಗೆ ಮೇಲೆ ಸೀಮೆಸುಣ್ಣದಲ್ಲಿ ಚಿತ್ರ ಬರೆಯೋ ಪ್ರದರ್ಶನ ಶುರು ಮಾಡಿದ. ಒಂದು ಗಂಡು, ಒಂದು ಹೆಣ್ಣು ಮುಖ ಬರೆದು, ಅದನ್ನೇ ಅಳಿಸಿ ತಿದ್ದಿ ಕೂಸಿನಿಂದ ಮುದಿತನದವರೆಗೆ ತರೋದು. ಹಗಲು ಪತ್ರಿಕೆ, ರಾತ್ರಿ ರಂಗಮಂದಿರ.

ಮಗನ ಕೈಯಲ್ಲಿದ್ದ ಪುಟ್ಟ ಪುಸ್ತಕ

ಮಗ ರಾಬರ್ಟ್ ಮನೆಗೆ ತಂದ ಒಂದು ಆಟದ ಪುಸ್ತಕ ಆತನ ತಲೆ ಕೆಡಿಸಿತು. ಹಾಳೆಗಳನ್ನು ಹೆಬ್ಬೆರಳಲ್ಲಿ ಪರಪರ ಬಿಟ್ಟರೆ ಒಳಗಿನ ಚಿತ್ರ ಓಡೋ ಹಾಗೆ ಕಾಣೋ ಪುಸ್ತಕ. ನೋಟ್‌ಬುಕ್ ಮೂಲೆಯಲ್ಲಿ ಕಡ್ಡಿ ಮನುಷ್ಯನನ್ನು ಬರೆದು ಓಡಿಸೋ ಆಟ ಹಿಂದಿನ ಬೆಂಚಿನ ಎಲ್ಲರಿಗೂ ಗೊತ್ತು. ನಾವು ಇಪ್ಪತ್ತು ಹಾಳೆಗೆ ಸುಸ್ತಾಗ್ತೀವಿ. ಮೆಕೇ 4,000 ಚಿತ್ರ ಬರೆದ. ಅವನ್ನು ಒಂದೊಂದಾಗಿ ಕ್ಯಾಮೆರಾದಲ್ಲಿ ತೆಗೆಸಿ, 1911ರ ಏಪ್ರಿಲ್‌ನಲ್ಲಿ ನೀಮೋ ಪಾತ್ರಗಳು ಪರದೆ ಮೇಲೆ ಓಡಾಡುವಂತೆ ಮಾಡಿದ. ಅಷ್ಟು ದುಡಿದು ಸಿಕ್ಕ ಆಟ ಕೆಲವೇ ನಿಮಿಷದ್ದು. ಸಾಲದು ಅಂತ ರೀಲಿನ ಒಂದೊಂದು ಚೌಕಕ್ಕೂ ಕೈಯಾರೆ ಬಣ್ಣ ಹಚ್ಚಿದ!

ಮರುವರ್ಷ ಒಂದು ಸೊಳ್ಳೆ ಸಿನಿಮಾ. ಟೋಪಿ ಹಾಕಿ, ಚೀಲ ಹಿಡಿದ ಸೊಳ್ಳೆ ಮಲಗಿದವನ ರಕ್ತ ಹೀರಿ ಹೀರಿ ಕೊನೆಗೆ ಒಡೆದು ಹೋಗುತ್ತೆ. ಅದನ್ನು ನೋಡಿದ ಕೆಲವರು ಇದೆಲ್ಲ ಬರೆದದ್ದಲ್ಲ, ತಂತಿ ಕಟ್ಟಿ ಎಳೆದಿದ್ದಾರೆ ಅಂದರಂತೆ. ಮೆಕೇಗೆ ಕೆಣಕಿದ ಹಾಗಾಯಿತು. ಯಾರೂ ಹಿಡಿದು ತಂದು ತಂತಿ ಕಟ್ಟೋಕೆ ಆಗದ ಪ್ರಾಣಿ ಬೇಕು. ಹಾಗೆ ಹುಟ್ಟಿದ್ದು 'ಗರ್ಟಿ' ಎಂಬ ಹೆಣ್ಣು ಡೈನೋಸಾರ್.

ಆ ಕೆಲಸ ಹೇಗಿತ್ತು ಅಂತ ಸ್ವಲ್ಪ ನೋಡಿ. ಈಗಿನಂತೆ ಕಂಪ್ಯೂಟರ್ ಇಲ್ಲ. ಹಿನ್ನೆಲೆ ಬೇರೆ, ಪಾತ್ರ ಬೇರೆ ಅಂತ ಪಾರದರ್ಶಕ ಹಾಳೆ ಮೇಲೆ ಬರೆಯೋ ಪದ್ಧತಿಯೂ ಆತನ ಕೈಗೆ ಇನ್ನೂ ಬಂದಿರಲಿಲ್ಲ. ತೆಳು ಕಾಗದದ ಪ್ರತಿ ಹಾಳೆಯ ಮೇಲೂ ಡೈನೋಸಾರ್ ಜೊತೆಗೆ ಹಿಂದಿನ ಬಂಡೆ, ಕೆರೆ, ಮರ ಎಲ್ಲವನ್ನೂ ಮತ್ತೆ ಮತ್ತೆ ಬರೆಯಬೇಕು. ಪಕ್ಕದ ಮನೆಯ ಜಾನ್ ಫಿಟ್ಜ್‌ಸಿಮನ್ಸ್ ಎಂಬ ಕಲಾ ವಿದ್ಯಾರ್ಥಿ ಅದಕ್ಕೆ ಸಿಕ್ಕ. ಬಂಡೆ, ಕೆರೆ ನಕಲು ಮಾಡೋದು ಆ ಹುಡುಗನ ಪಾಲು, ಗರ್ಟಿ ಮೆಕೇ ಪಾಲು. ಹಾಳೆ ಒಂದು ಕೂದಲೆಳೆ ಆಚೀಚೆ ಆದರೂ ಪರದೆ ಮೇಲೆ ಬಂಡೆಯೇ ನಡುಗುತ್ತೆ. ಅದಕ್ಕೇ ಪ್ರತಿ ಹಾಳೆಯ ಮೂಲೆಗೂ ಗುರುತು ಹಾಕಿದರು. ಗರ್ಟಿ ಉಸಿರಾಡೋದು ಸರಿಯಾಗಿ ಬರಲಿ ಅಂತ ಮೆಕೇ ಗಡಿಯಾರ ಹಿಡಿದು ತನ್ನ ಉಸಿರನ್ನೇ ಲೆಕ್ಕ ಹಾಕಿದ. ಮೊದಲು ಮುಖ್ಯ ಭಂಗಿಗಳನ್ನು ಬರೆದು ಆಮೇಲೆ ನಡುವಿನವನ್ನು ತುಂಬಿಸಿದ. ಅನಿಮೇಷನ್ ಕಲಿಸೋ ಕಡೆಯೆಲ್ಲ ಇವತ್ತಿಗೂ ಮೊದಲ ಪಾಠ ಇದೇ. ಒಟ್ಟು ಚಿತ್ರ ಹತ್ತು ಸಾವಿರ ಅಂತ ಲೆಕ್ಕ.

1914ರ ಫೆಬ್ರವರಿಯಲ್ಲಿ ಚಿಕಾಗೋದ ಪ್ಯಾಲೇಸ್ ಥಿಯೇಟರ್‌ನಲ್ಲಿ ಮೊದಲ ಆಟ. ಮೆಕೇ ಚಾಟಿ ಹಿಡಿದು ವೇದಿಕೆ ಮೇಲೆ ನಿಂತ, ಸರ್ಕಸ್ ಮಾಸ್ಟರ್ ತರಹ. ಪರದೆ ಮೇಲೆ ಗುಹೆಯಿಂದ ಗರ್ಟಿ ಇಣುಕಿತು. ಆತ ಹೇಳಿದಂತೆ ಬಾಗಿ ನಮಸ್ಕಾರ ಮಾಡಿತು, ಕಾಲೆತ್ತಿತು. ಗದರಿದರೆ ಮಗುವಿನ ಹಾಗೆ ಕಣ್ಣೀರು ಹಾಕಿತು. ಸಮಾಧಾನಕ್ಕೆ ಅಂತ ಮೆಕೇ ಹಣ್ಣು ಎಸೆದ. ರಟ್ಟಿನ ಹಣ್ಣು ಆತನ ಕೈಚಳಕದಲ್ಲಿ ಮಾಯ, ಅದೇ ಕ್ಷಣಕ್ಕೆ ಪರದೆಯಲ್ಲಿ ಬರೆದ ಹಣ್ಣು ಗರ್ಟಿ ಬಾಯಿಗೆ. ಗರ್ಟಿ ಮರ ತಿಂದಿತು, ಆನೆಯಂಥ ಪ್ರಾಣಿಯನ್ನು ಬಾಲ ಹಿಡಿದು ಕೆರೆಗೆ ಎಸೆಯಿತು, ಆ ಕೆರೆಯನ್ನೂ ಕುಡಿದು ಮುಗಿಸಿತು. ಕೊನೆಗೆ ಮೆಕೇ ನಡೆಯುತ್ತ ಪರದೆ ಹಿಂದೆ ಹೋಗಿ ಮರೆಯಾದ, ಮರುಕ್ಷಣ ಬರೆದ ಮೆಕೇ ಪರದೆಯಲ್ಲಿ ಬಂದು ಗರ್ಟಿ ಬೆನ್ನೇರಿ ಹೊರಟೇಹೋದ.

ಎಲ್ಲರಿಗೂ ಕಂಡದ್ದು ಚಿತ್ರ ಓಡಾಡಿತು ಅನ್ನೋದು. ನನಗೆ ದೊಡ್ಡದು ಅನಿಸೋದು ಬೇರೆ. ಆ ಪ್ರಾಣಿಗೆ ಒಂದು ಸ್ವಭಾವ ಇತ್ತು. ಮೊಂಡು, ಸ್ವಲ್ಪ ಸೋಮಾರಿ, ಮುದ್ದು ಮಾಡಿದರೆ ಕರಗೋದು. ಮಿಕ್ಕಿ ಮೌಸ್‌ಗಿಂತ 14 ವರ್ಷ ಮೊದಲು.

ಇದನ್ನೆಲ್ಲ ಮಾಡುತ್ತಿದ್ದ ದಿನಗಳಲ್ಲಿ ಪತ್ರಕರ್ತ ಅಂತ ಹೇಳಿಕೊಂಡು ಒಬ್ಬಾತ ಮೆಕೇ ಬಳಿ ಬಂದಿದ್ದ. ಮೆಕೇ ಕೈ ಬಿಚ್ಚಿ ಎಲ್ಲ ತಂತ್ರವನ್ನೂ ವಿವರಿಸಿದ. ಸ್ವಲ್ಪ ದಿನಕ್ಕೆ ಜಾನ್ ಬ್ರೇ ಎಂಬ ಚಿತ್ರಕಾರ ಅದೇ ಬಗೆಯ ತಂತ್ರಗಳಿಗೆ ತನ್ನ ಹೆಸರಲ್ಲಿ ಪೇಟೆಂಟ್ ಮಾಡಿಸಿ, ಉಲ್ಟಾ ಮೆಕೇ ಮೇಲೇ ಕೇಸ್ ಹಾಕಿದ. ಬಂದಿದ್ದವನು ಬ್ರೇನೇ ಅನ್ನೋದು ಹೆಚ್ಚಿನವರ ನಂಬಿಕೆ. ಕೋರ್ಟಲ್ಲಿ ಮೆಕೇ ಗೆದ್ದ, ಕೆಲವು ವರ್ಷ ಬ್ರೇ ಕಡೆಯಿಂದಲೇ ರಾಯಲ್ಟಿ ಬಂತು. ಪತ್ರಕರ್ತ ಅಂತ ಕಾರ್ಡ್ ಹಿಡಿದು ಓಡಾಡೋರ ಕಾಟ ಆಗಲೂ ಇತ್ತು ನೋಡಿ.

ಧಣಿಯ ಅಪ್ಪಣೆ

ಮೆಕೇ 1911ರಲ್ಲೇ ಹೆರಾಲ್ಡ್ ಬಿಟ್ಟು ವಿಲಿಯಂ ರಾಂಡಾಲ್ಫ್ ಹರ್ಸ್ಟ್‌ನ ಪತ್ರಿಕೆಗೆ ಸೇರಿದ್ದ. ಹರ್ಸ್ಟ್ ಅಂದರೆ ಆ ಕಾಲದ ದೊಡ್ಡ ಪತ್ರಿಕಾ ಧಣಿ. ಸಂಬಳ ಚೆನ್ನಾಗಿತ್ತು. ಆದರೆ ತನ್ನ ಆಳು ರಾತ್ರಿ ಹೊತ್ತು ರಂಗಮಂದಿರದಲ್ಲಿ ಡೈನೋಸಾರ್ ಆಡಿಸೋದು ಧಣಿಗೆ ಹಿಡಿಸಲಿಲ್ಲ. ಗರ್ಟಿ ಹೆಸರು ಮಾಡಿದ ವರ್ಷವೇ, ನ್ಯೂಯಾರ್ಕ್ ಬಿಟ್ಟು ಹೊರಗೆ ಪ್ರದರ್ಶನ ಕೊಡಬಾರದು ಅಂತ ಕಟ್ಟು ಹಾಕಿದ. ಊರೂರು ತಿರುಗಬೇಕಿದ್ದ ಆಟ ನಿಂತಿತು. ಕನಸಿನ ಚಿತ್ರಗಳನ್ನೂ ಬಿಡಿಸಿ, ಸಂಪಾದಕೀಯದ ಜೊತೆ ಹಾಕೋ ಗಂಭೀರ ಚಿತ್ರಗಳಿಗೆ ಕೂರಿಸಿದರು. ಸೋಮಾರಿತನ ಬೇಡ, ಕುಡಿತ ಬೇಡ, ಇಂಥವು. ಗೆರೆ ಅದ್ಭುತ, ವಿಷಯ ಬೇರೆಯವರದು.

ಆತ ತಿರುಗೇಟು ಕೊಟ್ಟದ್ದು ತನ್ನದೇ ರೀತಿಯಲ್ಲಿ. 1915ರ ಮೇ 7ರಂದು ಜರ್ಮನಿಯ ಜಲಾಂತರ್ಗಾಮಿ ಲುಸಿಟೇನಿಯ ಎಂಬ ಪ್ರಯಾಣಿಕರ ಹಡಗನ್ನು ಐರ್ಲೆಂಡ್ ಹತ್ತಿರ ಮುಳುಗಿಸಿತು. 1,198 ಜನ ಸತ್ತರು. ಯುದ್ಧಕ್ಕೆ ಅಮೆರಿಕ ಇಳಿಯಬಾರದು ಅನ್ನೋದು ಹರ್ಸ್ಟ್ ನಿಲುವು. ಪತ್ರಿಕೆಯಲ್ಲಿ ಮೆಕೇ ಅದಕ್ಕೆ ತಕ್ಕಂತೆ ಬರೆಯಬೇಕಿತ್ತು. ರಾತ್ರಿ ಮನೆಗೆ ಬಂದು, ತನ್ನ ಜೇಬಿನ ದುಡ್ಡಲ್ಲಿ, ಆ ಹಡಗು ಮುಳುಗಿದ್ದನ್ನೇ ಸಿನಿಮಾ ಮಾಡಲು ಕೂತ. ಮುಳುಗಿದ್ದರ ಫೋಟೋ ಯಾರ ಹತ್ತಿರವೂ ಇರಲಿಲ್ಲ. 25,000 ಚಿತ್ರ, ಎರಡು ವರ್ಷದ ಹತ್ತಿರ ಕೆಲಸ. ಈ ಸಲ ಪಾರದರ್ಶಕ ಹಾಳೆ ಬಳಸಿದ, ಹಾಗಾಗಿ ಸಮುದ್ರವನ್ನು ಪ್ರತಿ ಸಲ ಬರೆಯೋದು ತಪ್ಪಿತು. 1918ರ ಜುಲೈನಲ್ಲಿ ಸಿನಿಮಾ ಬಂದಾಗ ಅಮೆರಿಕ ಯುದ್ಧಕ್ಕೆ ಇಳಿದು ವರ್ಷ ದಾಟಿತ್ತು. ಜನರನ್ನು ಯುದ್ಧಕ್ಕೆ ಹುರಿದುಂಬಿಸೋ ಸಿನಿಮಾ ಅದು, ಅದನ್ನು ಮುಚ್ಚಿಡಬೇಕಿಲ್ಲ. ಆದರೆ ಹೊಗೆ, ಅಲೆ, ಹಡಗಿನ ಅಂಚಿನಿಂದ ಇರುವೆ ತರ ಉದುರೋ ಜನ ನೋಡಿದರೆ ಮೈ ಜುಮ್ ಅನ್ನುತ್ತೆ.

1924ರಲ್ಲಿ ಹರ್ಸ್ಟ್ ಬಿಟ್ಟು ಮತ್ತೆ ನೀಮೋ ಶುರು ಮಾಡಿದ. ಓದುಗರ ರುಚಿ ಬದಲಾಗಿತ್ತು. 1926ರ ಕೊನೆಗೆ ನಿಂತಿತು. ಇನ್ನು ಇದರಿಂದ ಮೂರು ಕಾಸು ಹುಟ್ಟಲ್ಲ ಅಂತ ಪತ್ರಿಕೆಯವರು ನೀಮೋದ ಪೂರ್ತಿ ಹಕ್ಕನ್ನು ಒಂದೇ ಒಂದು ಡಾಲರ್‌ಗೆ ಮೆಕೇಗೆ ಬರೆದುಕೊಟ್ಟರು. ವ್ಯಾಪಾರ ಮಾಡೋರು ಈ ರೇಟನ್ನು ಮನಸ್ಸಲ್ಲಿ ಇಟ್ಟುಕೊಂಡಿರಿ. ಮೆಕೇ ಮತ್ತೆ ಹರ್ಸ್ಟ್ ಬಾಗಿಲಿಗೇ ಹೋದ.

1927ರಲ್ಲಿ ನ್ಯೂಯಾರ್ಕ್‌ನ ಅನಿಮೇಷನ್ ಕೆಲಸಗಾರರು ಮೆಕೇ ಗೌರವಕ್ಕೆ ಒಂದು ಊಟ ಇಟ್ಟುಕೊಂಡರು. ಅಷ್ಟೊತ್ತಿಗೆ ಅದು ಒಂದು ಉದ್ಯಮವೇ ಆಗಿತ್ತು, ವಾರಕ್ಕೊಂದು ಸಿನಿಮಾ ಹೊರಬೀಳುತ್ತಿತ್ತು. ಕುಡಿದು ಉಂಡು ಗದ್ದಲದಲ್ಲಿದ್ದವರ ಮುಂದೆ ಮೆಕೇ ಎದ್ದು ನಿಂತು ಅಂಕಿತಗಳ ವಿಷಯ, ಗೆರೆಯ ವಿಷಯ ಮಾತಾಡಿದ. ಯಾರೂ ಕಿವಿಗೊಡಲಿಲ್ಲ. ಆಗ ಸಿಟ್ಟು ಬಂದು, ತಾನು ಕಲೆ ಅಂದುಕೊಂಡಿದ್ದನ್ನು ಇವರೆಲ್ಲ ಸೇರಿ ಬರೀ ದಂಧೆ ಮಾಡಿಬಿಟ್ಟರು ಅಂತ ಮುಖದ ಮೇಲೆ ಹೊಡೆದ ಹಾಗೆ ಹೇಳಿ ಕೂತುಬಿಟ್ಟ.

1934ರ ಜುಲೈ 26ರಂದು ಬ್ರೂಕ್ಲಿನ್‌ನ ಮನೆಯಲ್ಲಿ ತಲೆನೋವು ಅಂದ. ಆಮೇಲೆ ಕೈ ಸ್ವಾಧೀನ ತಪ್ಪಿತು, ಅದೂ ಚಿತ್ರ ಬರೆಯೋ ಕೈ. ಅದೇ ದಿನ ತೀರಿಕೊಂಡ. ಮಿದುಳಿನ ರಕ್ತನಾಳ ಕಟ್ಟಿಕೊಂಡಿತ್ತು.

ಬೆಂಕಿ, ಕತ್ತರಿ, ಗ್ಯಾರೇಜು

ಮೆಕೇಗೆ ಒಂದು ಅಭ್ಯಾಸ ಇತ್ತು. ಪತ್ರಿಕೆಗೆ ಕೊಟ್ಟ ಮೂಲ ಚಿತ್ರಗಳನ್ನು ಅಚ್ಚಾದ ಮೇಲೆ ಹಟ ಹಿಡಿದು ವಾಪಸ್ ತರಿಸಿಕೊಳ್ಳುತ್ತಿದ್ದ. ಆಗ ಅಂಥ ಹಾಳೆಗಳನ್ನು ಎಸೆಯೋದೇ ರೂಢಿ. ಹಾಗೆ ಕೂಡಿಟ್ಟ ದೊಡ್ಡ ರಾಶಿ 1930ರ ದಶಕದ ಕೊನೆಗೆ ಬೆಂಕಿ ಅನಾಹುತದಲ್ಲಿ ಸುಟ್ಟುಹೋಯಿತು. ಉಳಿದದ್ದನ್ನು ಏನು ಮಾಡಬೇಕು ಅಂತ ಹೆಂಡತಿಗೆ ತೋಚಲಿಲ್ಲ. ಮಗ ತನ್ನ ಮನೆಗೆ ಸಾಗಿಸಿದ. ಕೈಯಲ್ಲಿ ಕಾಸಿಲ್ಲದಾಗ ಅದರಲ್ಲೂ ಕೆಲವು ಮಾರಾಟವಾದವು.

ಇಲ್ಲಿ ಬರುತ್ತಾನೆ ಬಟ್ಟೆ ವ್ಯಾಪಾರಿ. ಹೆಸರು ಅರ್ವಿಂಗ್ ಮೆಂಡೆಲ್‌ಸನ್, ರಾಬರ್ಟ್‌ನ ಗೆಳೆಯ. ಇಬ್ಬರೂ ಸೇರಿ 1947ರಲ್ಲಿ ನೀಮೋವನ್ನು ಮತ್ತೆ ಪತ್ರಿಕೆಗಳಿಗೆ ಮಾರೋಕೆ ಒಂದು ಸಂಸ್ಥೆ ಕಟ್ಟಿದರು. ಹಳೇ ಪುಟಗಳು ದೊಡ್ಡವು, ಹೊಸ ಪತ್ರಿಕೆಯ ಜಾಗ ಚಿಕ್ಕದು. ಹಾಗಾಗಿ ಮೂಲ ಚಿತ್ರಗಳನ್ನೇ ಕತ್ತರಿಸಿ ಹೊಂದಿಸಿದರು. ಕತ್ತರಿ ಹಿಡಿದದ್ದು ಅಪ್ಪನ ಕೆಲಸವನ್ನು ಉಳಿಸಬೇಕು ಅಂತಲೇ. ವ್ಯಾಪಾರ ಕುದುರಲಿಲ್ಲ, ಹಾಳೆಗಳು ಮಾತ್ರ ತುಂಡಾದವು. ನನಗಂತೂ ಬೆಂಕಿಗಿಂತ ಇದೇ ಹೆಚ್ಚು ಹೊಟ್ಟೆ ಉರಿಸಿದ್ದು.

ಆದರೆ ಸಿನಿಮಾ ರೀಲುಗಳ ಡಬ್ಬಿಗಳು ಮೆಂಡೆಲ್‌ಸನ್ ಕೈಗೆ ಬಂದವು. ಆತನ ಗ್ಯಾರೇಜ್‌ನಲ್ಲಿ ಕೂತವು. ಆ ಕಾಲದ ರೀಲು ನೈಟ್ರೇಟ್‌ನದು. ಕಿಡಿ ತಾಗಿದರೆ ಪೆಟ್ರೋಲ್ ತರ ಹತ್ತಿಕೊಳ್ಳುತ್ತೆ. ಸುಮ್ಮನೆ ಇಟ್ಟರೂ ಬೆಲ್ಲದ ಹಾಗೆ ಅಂಟಂಟಾಗಿ, ಕೊನೆಗೆ ಕಂದು ಪುಡಿಯಾಗುತ್ತೆ. ಕೆಲವು ಡಬ್ಬಿ ತೆರೆದಾಗ ಒಳಗೆ ಸಿನಿಮಾನೇ ಇರಲಿಲ್ಲ. ಗರ್ಟಿಯ ಎರಡನೇ ಸಿನಿಮಾ, ಇನ್ನೊಂದೆರಡು, ಇವತ್ತು ಬರೀ ತುಣುಕಾಗಿ ಉಳಿದಿವೆ. ಕೈಗೆ ಸಿಕ್ಕಿದ್ದನ್ನು ಬೆಂಕಿ ಹಿಡಿಯದ ಹೊಸ ರೀಲಿಗೆ ಇಳಿಸಿ, ಕೆನಡಾದ ಮಾಂಟ್ರಿಯಲ್‌ನಲ್ಲಿರೋ ಕ್ವಿಬೆಕ್ ಸಿನಿಮಾ ಭಂಡಾರಕ್ಕೆ ಕೊಡಲಾಯಿತು. ಮೆಕೇ ಸಿನಿಮಾ ಇವತ್ತು ನಾವು ನೋಡುತ್ತೀವಿ ಅಂದರೆ ಆ ಗ್ಯಾರೇಜ್‌ನಿಂದಾಗಿ.

1966ರಲ್ಲಿ ಇನ್ನೊಂದು ತಮಾಷೆ. ಬಬಲ್ ಗಮ್ ಮಾರೋ ಟಾಪ್ಸ್ ಕಂಪನಿಯ ವುಡಿ ಗೆಲ್ಮನ್ ಎಂಬಾತ ಹಳೇ ಕಾರ್ಟೂನ್ ಹುಚ್ಚಿನವನು. ರಾಬರ್ಟ್ ಹಿಂದೆ ಕೆಲಸಕ್ಕಿದ್ದ ಸ್ಟುಡಿಯೋದಲ್ಲಿ ನೀಮೋದ ಅಸಲಿ ಹಾಳೆಗಳು ಬಿದ್ದಿರೋದು ಆತನ ಕಣ್ಣಿಗೆ ಬಿತ್ತು. ಅವೇ ಹಾಳೆಗಳು ನ್ಯೂಯಾರ್ಕ್‌ನ ಮೆಟ್ರೊಪಾಲಿಟನ್ ಮ್ಯೂಸಿಯಂನ ಗೋಡೆ ಏರಿದವು. ಒಂದು ಡಾಲರ್ ನೆನಪಿದೆಯಲ್ಲ?

ಆಮೇಲೆ ಗೌರವ ಒಂದರ ಹಿಂದೆ ಒಂದು. 1972ರಿಂದ ಅನಿಮೇಷನ್‌ನಲ್ಲಿ ಜೀವಮಾನದ ಸಾಧನೆಗೆ ಮೆಕೇ ಹೆಸರಿನ ಪ್ರಶಸ್ತಿ ಕೊಡುತ್ತಿದ್ದಾರೆ. 1991ರಲ್ಲಿ ಗರ್ಟಿ ಅಮೆರಿಕದ ರಾಷ್ಟ್ರೀಯ ಸಿನಿಮಾ ಪಟ್ಟಿಗೆ ಸೇರಿತು, ಅಂದರೆ ಶಾಶ್ವತವಾಗಿ ಕಾಪಾಡಬೇಕಾದ ಸಿನಿಮಾ ಅಂತ. 2009ರಲ್ಲಿ ನೀಮೋ, 2017ರಲ್ಲಿ ಲುಸಿಟೇನಿಯ. ಗರ್ಟಿಯ ಸಾವಿರಾರು ಹಾಳೆಗಳಲ್ಲಿ ಈಗ ಉಳಿದಿರೋದು ಕೆಲವು ನೂರು ಮಾತ್ರ. 2018ರಲ್ಲಿ ಕೆನಡಾದವರು ಸಿನಿಮಾವನ್ನು ಶುಚಿ ಮಾಡಿ, ಹಿಂದೆ ವೇದಿಕೆಯಲ್ಲಿ ಆಡಿದ ರೂಪಕ್ಕೆ ಮತ್ತೆ ಜೋಡಿಸಿದರು.

ಈ ಸಿನಿಮಾಗಳು ಹಳೆಯವಾದ್ದರಿಂದ ಹಕ್ಕಿನ ತೊಡಕಿಲ್ಲ, ಯೂಟ್ಯೂಬ್‌ನಲ್ಲಿ ಪುಕ್ಕಟೆ ಸಿಗುತ್ತವೆ. ಗರ್ಟಿ ದಿ ಡೈನೋಸಾರ್ ಅಂತ ಹುಡುಕಿ. ಹಳೇ ಪ್ರತಿಯಲ್ಲಿ ಮೊದಲ ಅರ್ಧ ಕೋಟು ಹಾಕಿದ ಗಂಡಸರು ಮ್ಯೂಸಿಯಂನಲ್ಲಿ ಬಾಜಿ ಕಟ್ಟೋದೇ ಇದೆ. ಬೇಜಾರಾಗಿ ಮುಚ್ಚಬೇಡಿ, ಸ್ವಲ್ಪ ಮುಂದಕ್ಕೆ ಎಳೆಯಿರಿ. ಬಂಡೆಗಳ ನಡುವಿಂದ ಒಂದು ಉದ್ದ ಕುತ್ತಿಗೆ ಹೊರಬರುತ್ತೆ. ಹಿಂದಿನ ಬಂಡೆಯ ಗೆರೆ ಸಣ್ಣಗೆ ನಡುಗೋದು ಕಂಡರೆ, ಅದು ಪಕ್ಕದ ಮನೆಯ ಹುಡುಗನ ಕೈ.